ತಲೆ ಕಡೆಯ ಗಂಟು

ನಾವು ಬೆಳೆಸುವ ಶ್ವಾಸನಾಳಕ್ಕೆ ತಲೆ ಕಡೆ, ಎದೆ ಕಡೆ ಎಂದು ಎರಡು ತುದಿಗಳಿರುತ್ತವೆ. ಬರಿಗಣ್ಣಿಗೆ ಎರಡೂ ಒಂದೇ. ಹೆಬ್ಬೆರಳಿನಷ್ಟು ದಪ್ಪನೆಯ, ಬೆಂದ ಶ್ಯಾವಿಗೆಯ ಬಣ್ಣದ, ಒತ್ತಿದರೆ ಮೆಲ್ಲಗೆ ಮರಳಿ ಉಬ್ಬುವ ಒಂದು ಕೊಳವೆ, ಅಷ್ಟೆ. ಯಾವುದು ಮೇಲು, ಯಾವುದು ಕೆಳಗು ಎಂಬುದು ಅದರ ಒಳಮೈಗೆ ಮಾತ್ರ ಗೊತ್ತು.

ಎಲ್ಲರ ಶ್ವಾಸನಾಳದ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಬಾಗುವ ಪೈರಿನ ಹಾಗೆ ಅವು ಸಾಲುಸಾಲಾಗಿ ಬಾಗಿ ಏಳುತ್ತ, ಕಫವನ್ನೂ ಧೂಳನ್ನೂ ಗಂಟಲಿನ ಕಡೆಗೆ ದೂಡುತ್ತಿರುತ್ತವೆ. ಹುಬ್ಬಳ್ಳಿಯ ನಮ್ಮ ಅಂಗಾಂಶ ಕೇಂದ್ರದಲ್ಲಿ ರೇಷ್ಮೆ ಎಳೆಗಳಿಂದ ಕೊಳವೆ ಸುತ್ತಿ, ಹೊರಗೆ ರೋಗಿಯದೇ ಪಕ್ಕೆಲುಬಿನಿಂದ ತೆಗೆದ ಜೀವಕೋಶಗಳನ್ನೂ ಒಳಗೆ ಮೂಗಿನಿಂದ ಕೆರೆದ ಜೀವಕೋಶಗಳನ್ನೂ ಬಿತ್ತಿ, ಗಾಜಿನ ಪಾತ್ರೆಯಲ್ಲಿ ಎಂಟು ವಾರ ಇಡುತ್ತೇವೆ. ಆ ಪಾತ್ರೆಗೆ ನಾವು ತೊಟ್ಟಿಲು ಎನ್ನುತ್ತೇವೆ. ನಾಲ್ಕನೆಯ ವಾರದಿಂದ ಪೋಷಕ ದ್ರವವನ್ನು ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹರಿಸುತ್ತೇವೆ. ಆಗಷ್ಟೇ ಹುಟ್ಟುತ್ತಿರುವ ರೋಮಗಳು ಆ ಹರಿವಿನಿಂದ ದಿಕ್ಕು ಕಲಿಯುತ್ತವೆ. ಒಮ್ಮೆ ಕಲಿತದ್ದನ್ನು ಅವು ಮರೆಯುವುದಿಲ್ಲ. ಆಮೇಲೆ ಯಾರಾದರೂ ಆ ಕೊಳವೆಯನ್ನು ತಲೆಕೆಳಗು ಮಾಡಿ ಹೊಲಿದರೆ, ಅವು ಕಫವನ್ನು ಜೀವನವಿಡೀ ಎದೆಯ ಕಡೆಗೇ ದೂಡುತ್ತಿರುತ್ತವೆ.

ತೊಟ್ಟಿಲಿನಲ್ಲಿರುವಾಗ ರೋಮಗಳು ಅಲುಗುವುದಿಲ್ಲ. ಮೈಯೊಳಗೆ ಸೇರಿ, ಗಾಳಿ ತಾಗಿ, ಐದಾರು ವಾರ ಕಳೆದ ಮೇಲೆಯೇ ಅವುಗಳ ಕೆಲಸ ಶುರು. ಅದಕ್ಕೆ ಮೊದಲು ದಿಕ್ಕು ತಿಳಿಯಬೇಕೆಂದರೆ ಕೊಳವೆಯಿಂದ ಒಂದು ಉಂಗುರ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕೆ ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಉಳಿದ ಕೊಳವೆ ಸತ್ತಿರುತ್ತದೆ. ಅದಕ್ಕೇ ತೊಟ್ಟಿಲಿನಿಂದ ತೆಗೆದ ಕೂಡಲೇ ತಲೆ ಕಡೆಯ ತುದಿಗೆ ನೀಲಿ ರೇಷ್ಮೆಯ ಒಂದು ಗಂಟು ಹಾಕಿ ಕಳಿಸುತ್ತೇವೆ. ಆ ಗಂಟು ಹಾಕುವುದು ನನ್ನ ಕೆಲಸವಾಗಿತ್ತು.

ನನ್ನ ಹೆಸರು ಬನಶಂಕರಿ. ಗುಳೇದಗುಡ್ಡದಲ್ಲಿ ನಮ್ಮದು ರವಿಕೆಯ ಖಣ ನೇಯುವ ಮನೆ. ಹಗಲು ಮಗ್ಗದ ಕೆಲಸ ಮಾಡಿಕೊಂಡು, ಬಾಗಲಕೋಟೆಯ ಸಂಜೆ ತರಗತಿಗಳಿಗೆ ಹೋಗಿ ಪ್ರಯೋಗಾಲಯದ ಡಿಪ್ಲೊಮಾ ಮುಗಿಸಿದೆ. ಕೇಂದ್ರದವರು ನನ್ನನ್ನು ತೆಗೆದುಕೊಂಡದ್ದು ಅಂಕ ನೋಡಿ ಅಲ್ಲ, ಬೆರಳು ನೋಡಿ. ಸುತ್ತಲಿದ್ದವರೆಲ್ಲ ದೊಡ್ಡ ಓದು ಓದಿದವರು. ಅವರ ನಡುವೆ ತಪ್ಪಾಗಬಾರದೆಂದು ಪ್ರತಿಯೊಂದನ್ನೂ ಮೂರು ಸಲ ನೋಡುತ್ತಿದ್ದೆ. ಮೂರನೆಯ ಸಲ ನೋಡಿದಾಗ ಮೊದಲಿನ ಎರಡರ ಮೇಲೂ ಅನುಮಾನ ಬರುತ್ತಿತ್ತು.

ಆ ಅನುಮಾನ ಒಂದು ಶ್ರಾವಣದಲ್ಲಿ ಒಬ್ಬರ ಜೀವ ತೆಗೆದಿತ್ತು.

ನವಲಗುಂದದ ಮಾಬೂಸಾಬ ಎಂಬ ಲಾರಿ ಚಾಲಕ. ಅವರ ಶ್ವಾಸನಾಳ ಕಿರಿದಾಗಿದ್ದು ಎದೆಗೂಡಿನ ಒಳಗೆ, ಕೊರಳಲ್ಲಿ ತೂತು ಮಾಡಿದರೂ ಪ್ರಯೋಜನವಿಲ್ಲದ ಜಾಗದಲ್ಲಿ. ಅವರ ಕೊಳವೆ ಕಳಿಸುವ ದಿನ ಗಂಟು ಹಾಕಿ ಪೆಟ್ಟಿಗೆ ಮುಚ್ಚಿದ ಮೇಲೆ, ನಾನು ಸರಿಯಾದ ತುದಿಗೇ ಹಾಕಿದೆನೇ ಎಂಬ ಅನುಮಾನ ಎದ್ದಿತು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮಿರ್ಜಿಯವರ ಬಳಿ ಓಡಿದೆ.

"ಖಾತ್ರಿ ಐತೇನು ನಿಮಗ, ತಪ್ಪಾಗೇತಿ ಅಂತ?" ಎಂದು ಅವರು ಕೇಳಿದರು.

"ತಪ್ಪಾಗೇತಿ ಅಂತ ಖಾತ್ರಿ ಇಲ್ರಿ ಮೇಡಂ. ಸರಿ ಐತಿ ಅಂತನೂ ಖಾತ್ರಿ ಇಲ್ರಿ."

ಅವರು ಕೂಡಲೇ ಶಸ್ತ್ರಚಿಕಿತ್ಸೆ ನಿಲ್ಲಿಸಿದರು. ಉಂಗುರ ಕತ್ತರಿಸಿ ನೋಡಿದರು. ಗಂಟು ಸರಿಯಾದ ತುದಿಯಲ್ಲೇ ಇತ್ತು. ಇನ್ನೊಂದು ಕೊಳವೆಗೆ ಮತ್ತೆ ಎಂಟು ವಾರ. ಮಾಬೂಸಾಬ ಐದನೆಯ ವಾರ ತೀರಿಕೊಂಡರು.

"ನೀವು ಮಾಡಿದ್ದು ಸರಿ ಐತಿ," ಎಂದು ಮಿರ್ಜಿ ಮೇಡಂ ಎರಡು ಸಲ ಹೇಳಿದರು. ಬೇರೆ ಯಾರೂ ಹೇಳಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಪ್ರಹ್ಲಾದ, ಎಲ್ಲರನ್ನೂ ನಗಿಸುವವನು, ಒಂದು ವಾರ ನನ್ನ ಮುಖ ನೋಡಲಿಲ್ಲ. ಆಮೇಲೆ ಅವನಿಗೂ ಪಾಪ ಅನ್ನಿಸಿರಬೇಕು, ಚಹಾ ತಂದುಕೊಟ್ಟು, "ತಗೋರಿ ಅನುಮಾನದ ಅಕ್ಕಾರ. ಸಕ್ರಿ ಹಾಕೀನೋ ಇಲ್ಲೋ ಅಂತ ಉಂಗುರ ಕತ್ತರಿಸಿ ನೋಡಬ್ಯಾಡ್ರಿ ಮತ್ತ," ಎಂದ. ನಾನೂ ನಕ್ಕೆ. ಆ ಹೆಸರು ಉಳಿಯಿತು.

ಅಂದಿನಿಂದ ಹೊಸ ನಿಯಮ ಬಂತು. ಗಂಟು ಹಾಕುವಾಗ ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು, ಇಬ್ಬರೂ ಸಹಿ ಹಾಕಬೇಕು. ಪ್ರಹ್ಲಾದ "ಯಾವ ಕಡೆ?" ಎನ್ನುವುದು, ನಾನು "ತಲೆ ಕಡೆ" ಎನ್ನುವುದು. ನಾಲ್ಕಾರು ಕೊಳವೆಗಳಾಗುವಷ್ಟರಲ್ಲಿ ಅದು ಶಾಲೆಯ ಹಾಜರಿಯಂತಾಯಿತು. ಹೆಸರು ಕೂಗುವ ಮೊದಲೇ ಬಾಯಿ ಉತ್ತರ ಹೇಳಿಬಿಡುತ್ತಿತ್ತು.

ಶಿವಗಂಗವ್ವನ ಕೊಳವೆ ತೆಗೆದದ್ದು ಮುಂದಿನ ಸಂಕ್ರಾಂತಿ ಕಳೆದ ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ. ಆಕೆ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವವಳು. ನ್ಯುಮೋನಿಯಾ ಆಗಿ ತಿಂಗಳುಗಟ್ಟಲೆ ಕೃತಕ ಉಸಿರಾಟದಲ್ಲಿದ್ದಾಗ ಒಳಗಿಟ್ಟ ನಳಿಕೆ ಉಜ್ಜಿ ಶ್ವಾಸನಾಳ ಕೆಟ್ಟಿತ್ತು. ಎರಡು ವರ್ಷದಿಂದ ಕೊರಳ ತೂತಿನಲ್ಲಿ ಉಸಿರಾಟ, ಮಾತಿಲ್ಲ. ತಾಟಿಗೆ ಸೌಟು ಬಡಿದು ಸೊಸೆಯನ್ನು ಕರೆಯುತ್ತಿದ್ದಳು. ಒಂದು ಬಡಿತವೆಂದರೆ ರೊಟ್ಟಿ, ಎರಡೆಂದರೆ ಪಲ್ಯ.

ಕೊಳವೆಯನ್ನು ನಾವು ಬೇಕಾದ್ದಕ್ಕಿಂತ ಉದ್ದವಾಗಿಯೇ ಬೆಳೆಸುತ್ತೇವೆ. ತೊಟ್ಟಿಲಿನಿಂದ ತೆಗೆದಾಗ, ಶಸ್ತ್ರಚಿಕಿತ್ಸಕರು ಮೊದಲೇ ಹೇಳಿದ ಅಳತೆಗೆ ಎದೆ ಕಡೆಯ ತುದಿಯನ್ನು ಕತ್ತರಿಸಿ, ಕತ್ತರಿಸದ ತುದಿಗೆ, ಅಂದರೆ ತಲೆ ಕಡೆಗೆ, ಗಂಟು ಹಾಕಬೇಕು. ಆದರೆ ನಮ್ಮ ಮನೆಯಲ್ಲಿ ಹಾಗಲ್ಲ. ಮಗ್ಗದಿಂದ ಖಣ ಕೊಯ್ದರೆ, ಎಳೆ ಬಿಚ್ಚಿಹೋಗದಂತೆ, ಕೊಯ್ದ ತುದಿಗೇ ಗಂಟು. ಏಳನೆಯ ವಯಸ್ಸಿನಿಂದ ಅವ್ವನ ಪಕ್ಕದಲ್ಲಿ ಕೂತು ಅದೊಂದನ್ನೇ ಮಾಡಿದವಳು ನಾನು. ಕತ್ತರಿ ಬಿದ್ದಲ್ಲಿಗೆ ಬೆರಳು ತಾನಾಗಿ ಹೋಗುತ್ತದೆ.

"ಯಾವ ಕಡೆ?"

"ತಲೆ ಕಡೆ."

ಪೆಟ್ಟಿಗೆ ಹೋಯಿತು. ಕತ್ತರಿ ತೊಳೆಯುವಾಗ ಬಲಗೈಯ ತೋರುಬೆರಳಿಗೆ ಒಂದು ನೆನಪಾಯಿತು. ಗಂಟು ಬಿಗಿಯುವಾಗ ಆ ತುದಿಯಲ್ಲಿ ಸಣ್ಣಗೆ ಎದ್ದ ರೇಷ್ಮೆ ಎಳೆಗಳು ಚುಚ್ಚಿದ್ದವು. ಎಳೆ ಏಳುವುದು ಕತ್ತರಿಸಿದ ತುದಿಯಲ್ಲಿ ಮಾತ್ರ. ಪೆಟ್ಟಿಗೆಯ ದ್ರವದಲ್ಲಿ ನೆನೆದ ಮೇಲೆ ಅವೂ ಮೈಗೆ ಅಂಟಿಕೊಂಡು, ಮುಟ್ಟಿದರೂ ತಿಳಿಯುವುದಿಲ್ಲ.

ಅದು ಇವತ್ತಿನದೋ, ಬೇರೆ ಎಂದಿನದೋ? ಬೆರಳಿನ ನೆನಪಿಗೆ ತಾರೀಖು ಇರುವುದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೊಳವೆ ಹೊಲಿಯಲು ಇನ್ನೂ ನಲವತ್ತು ನಿಮಿಷವಿತ್ತು. ಫೋನು ಗೋಡೆಯ ಮೇಲಿತ್ತು. ನಾನು ಅದನ್ನು ಕೈಗೆತ್ತಿಕೊಂಡೆ. ಮಾಬೂಸಾಬರ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡದ್ದು ಕಣ್ಣಿಗೆ ಬಂತು. ಆಗಲೂ ಹೀಗೇ ಅನ್ನಿಸಿತ್ತು. ಆಗಲೂ ಅದು ಸುಳ್ಳಾಗಿತ್ತು. ಅನುಮಾನದ ಮೇಲೇ ನನಗೆ ಅನುಮಾನ ಬಂತು. ಫೋನು ಕೆಳಗಿಟ್ಟೆ.

ಅದು ತಪ್ಪೆಂದು ಈಗ ಹೇಳುವುದು ಸುಲಭ. ಆದರೆ ನನ್ನನ್ನು ಇವತ್ತಿಗೂ ತಿನ್ನುವುದು ಅದಲ್ಲ, ಅದರ ನಂತರದ್ದು.

ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಮನೆಗೆ ಹೋದ ರೋಗಿಗಳ ಕಫದ ಮಾದರಿ ತರುವುದೂ ನನ್ನ ಪಾಲಿಗಿತ್ತು. ನಾಲ್ಕನೆಯ ವಾರ ಖಾನಾವಳಿಗೆ ಹೋದಾಗ ಓಣಿಯ ತಿರುವಿನಿಂದಲೇ ಶಿವಗಂಗವ್ವನ ದನಿ ಕೇಳಿತು. ಕೊರಳ ತೂತು ಮುಚ್ಚಿದ್ದರು. ದನಿ ಒಡೆದ ಗಡಿಗೆಯಂತಿದ್ದರೂ ಎರಡು ವರ್ಷದ ಮಾತನ್ನು ಒಮ್ಮೆಲೇ ಆಡಿ ಮುಗಿಸುವವಳಂತೆ ಆಡುತ್ತಿದ್ದಳು.

"ಬಾ ತಂಗಿ ಗುಳೇದಗುಡ್ಡದಾಕಿ! ಕುಂದ್ರು. ಏ ಕಸ್ತೂರಿ, ಈಕಿಗೆ ಬಿಸಿ ರೊಟ್ಟಿ ಹಾಕು. ನನ್ನ ಕೊರಳು ನೇದಾಕಿ ಈಕಿನ." ಉಣ್ಣುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. "ಕೊರಳಾಗ ಏನರೆ ಖಣದ ಅಂಚು ಹಾಕೀಯೇನು? ಮಾತಾಡಿದ್ರ ಜರಿ ಹೊಳೀತೈತೇನು?"

"ಇಲ್ಲಕ್ಕಾ, ಬರೇ ಬಿಳಿ ರೇಷ್ಮಿ," ಎಂದೆ.

"ಹಾಕಬೇಕಿತ್ತವಾ, ಜಿಪುಣಿ!"

ಸೊಸೆ ಕಸ್ತೂರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಂದಿಟ್ಟು ನಗುತ್ತ, "ಮಾತು ಇಲ್ಲದಾಗನ ಛಲೋ ಇತ್ತ್ರಿ ಅಕ್ಕಾರ. ಸೌಟಿನಾಗ ಬೈಗುಳ ಬರ್ತಿರಲಿಲ್ಲ," ಎಂದಳು. ಅವಳು ಆಗ ಬಸುರಿ. ಅತ್ತೆ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. ನಾನು ಮೂರು ರೊಟ್ಟಿ ತಿಂದೆ. ನನ್ನ ಅನುಮಾನ ಸುಳ್ಳಾಯಿತೆಂದು ಎಷ್ಟು ಖುಷಿಪಟ್ಟೆನೆಂದರೆ, ರೋಮಗಳು ಇನ್ನೂ ಕೆಲಸಕ್ಕೆ ಇಳಿದೇ ಇಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲೇ ಇಲ್ಲ.

ಆರನೆಯ ವಾರ ಕೆಮ್ಮು ಶುರುವಾಯಿತು. ಜ್ವರವೂ ಬಂತು. ಡಾಕ್ಟರರು ಸೋಂಕು ಎಂದರು, ಮಾತ್ರೆ ಕೊಟ್ಟರು. ಏಳನೆಯ ವಾರ ನಾನು ಮತ್ತೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಉಣ್ಣುವವರೆಲ್ಲ ಹೋಗಿದ್ದರು. ಮುಂದೆ ಯಾರೂ ಇರಲಿಲ್ಲ. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಬರುತ್ತಿತ್ತು. ಈ ಹೊತ್ತಿನಲ್ಲಿ ಯಾರಿಗೆ ರೊಟ್ಟಿ ಎಂದುಕೊಂಡು ಅಡುಗೆಮನೆಗೆ ಇಣುಕಿದೆ.

ಒಲೆ ಆರಿತ್ತು. ಮೂಲೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳ ಮೇಲೆ ಶಿವಗಂಗವ್ವ ಬೋರಲು ಬಿದ್ದಿದ್ದಳು. ಸೊಂಟ ಮೇಲೆ, ತಲೆ ಕೆಳಗೆ, ನೆಲಕ್ಕೆ ತಾಗುವಷ್ಟು. ಕಸ್ತೂರಿ ಎರಡೂ ಅಂಗೈಗಳನ್ನು ಬಟ್ಟಲಿನಂತೆ ಮಡಿಸಿ ಅತ್ತೆಯ ಬೆನ್ನನ್ನು ಲಯವಾಗಿ ತಟ್ಟುತ್ತಿದ್ದಳು.

"ಇನ್ನಾ ಜೋರ ತಟ್ಟ. ಸಣ್ಣ ರೊಟ್ಟಿ ಮಾಡಾಕತ್ತೀ ಏನು? ಗಂಡಸರಿಗೆ ಬಡಿಸೋ ರೊಟ್ಟಿ ತಟ್ಟಿದಂಗ ತಟ್ಟು," ಎಂದು ಶಿವಗಂಗವ್ವ ಕೆಳಮುಖವಾಗಿಯೇ ಗದರಿದಳು. ಹಾಗೆ ಹೇಳುತ್ತಿದ್ದಂತೆಯೇ ಕೆಮ್ಮು ಬಂತು, ನೆಲದ ಮೇಲಿಟ್ಟ ಬಟ್ಟಲಿಗೆ ಗಟ್ಟಿ ಕಫ ಬಿತ್ತು. ಎದ್ದು ಕೂತು ನನ್ನನ್ನು ನೋಡಿದಳು. "ನಿಂತ್ರ ಎದಿಯಾಗ ಗುಡ್ಡ ಕುಂತಂಗ ಆಗತೈತಿ ತಂಗಿ. ಹಿಂಗ ತಲಿ ಕೆಳಗ ಮಾಡಿದ್ರ ಹೊರಗ ಬರತೈತಿ. ಇದನ್ನ ಯಾವ ಡಾಕ್ಟರೂ ಹೇಳಲಿಲ್ಲ, ನಾವ ಕಂಡ್ಹಿಡದ್ವಿ. ದಿನಾ ನಾಕ ಸಲ."

ನನಗೆ ಆ ಕ್ಷಣವೇ ತಿಳಿಯಿತು. ಕೆಳಗಿನಿಂದ ಆಕೆಯ ಸ್ವಂತ ಶ್ವಾಸನಾಳ ಕಫವನ್ನು ಮೇಲಕ್ಕೆ ದೂಡುತ್ತದೆ. ನಾವು ಹೊಲಿದ ಕೊಳವೆ ಅದನ್ನೇ ಕೆಳಕ್ಕೆ ದೂಡುತ್ತದೆ. ಎರಡೂ ಸೇರುವ ಹೊಲಿಗೆಯ ಬಳಿ ಅದು ಗಡ್ಡೆಗಟ್ಟುತ್ತದೆ. ತಲೆ ತಗ್ಗಿಸಿದಾಗ ಮಾತ್ರ ಭಾರಕ್ಕೆ ಜಾರಿ ಹೊರಬರುತ್ತದೆ. ನಾನು ಗಂಟು ಹಾಕಿದ್ದು ಕತ್ತರಿಸಿದ ತುದಿಗೆ.

ಮಿರ್ಜಿ ಮೇಡಂ ಬರೆದಿಟ್ಟ ಕೈಪಿಡಿಯಲ್ಲಿ ಇದಕ್ಕೂ ಒಂದು ಪುಟವಿತ್ತು. ಹನ್ನೆರಡು ವಾರದೊಳಗೆ ತಿಳಿದರೆ ಕೊಳವೆಯನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿಯಬಹುದು. ಆಮೇಲೆ ಸುತ್ತಲಿನ ರಕ್ತನಾಳಗಳು ಅದರೊಳಗೆ ಬೇರುಬಿಟ್ಟಿರುತ್ತವೆ. ಮುಟ್ಟಿದರೆ ಕೊಳವೆಯೂ ಹೋಗುತ್ತದೆ, ರೋಗಿಯೂ ಹೋಗಬಹುದು. ಇನ್ನೂ ಐದು ವಾರವಿತ್ತು.

ಐದು ವಾರ ನಾನು ಏನು ಮಾಡಿದೆ? ಪುರಾವೆ ಕೂಡಿಸಿದೆ.

ಈ ಸಲ ಖಾತ್ರಿ ಮಾಡಿಕೊಂಡೇ ಬಾಯಿ ತೆರೆಯಬೇಕೆಂದು ನಿಶ್ಚಯಿಸಿದೆ. ಕಸ್ತೂರಿಗೆ ಒಂದು ವಹಿ ಕೊಟ್ಟು, ಕೆಮ್ಮು ಬಂದಾಗಲೆಲ್ಲ ಅತ್ತೆ ನಿಂತಿದ್ದಳೋ ಮಲಗಿದ್ದಳೋ ಬರೆದಿಡಲು ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಶ್ರದ್ಧೆಯಿಂದ ಬರೆದಳು. ನಾನು ಪ್ರಯೋಗಾಲಯದಲ್ಲಿ ಕೂತು ಅದನ್ನು ನಕ್ಷೆ ಮಾಡಿದೆ. ನಕ್ಷೆ ನನ್ನ ಅನುಮಾನವನ್ನೇ ಹೇಳುತ್ತಿತ್ತು. ಆದರೆ ಸೋಂಕಿಗೂ ಹಾಗಾಗಬಹುದಲ್ಲ ಎಂದುಕೊಂಡೆ. ಇನ್ನೊಂದು ವಾರದ ಲೆಕ್ಕ ಬರಲಿ ಎಂದುಕೊಂಡೆ.

ಒಂಬತ್ತನೆಯ ವಾರ ಮೇಡಂ ಕೋಣೆಯ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿ ಶಸ್ತ್ರಚಿಕಿತ್ಸಕರಿಗೆ, "ನಮ್ಮ ಕಡಿಂದ ಎಲ್ಲಾ ಸರಿ ಐತ್ರಿ, ಇಬ್ಬರ ಸಹಿ ಐತಿ. ಸೋಂಕಿಂದು ಸ್ವಲ್ಪ ನೋಡ್ರಿ," ಎನ್ನುತ್ತಿದ್ದರು. ಅವರ ದನಿಯಲ್ಲಿ ನನ್ನ ಮೇಲಿನ ಭರವಸೆ ಇತ್ತು. ಹಿಂದಿರುಗಿದೆ.

ಪ್ರಹ್ಲಾದ ನನ್ನ ಮುಖ ನೋಡಿ, "ಯಾಕ್ರೀ ಅಕ್ಕಾರ, ಮತ್ತೊಂದು ಅನುಮಾನೇನು?" ಎಂದ.

"ಇಲ್ಲಪಾ," ಎಂದೆ.

ಹತ್ತನೆಯ ವಾರವೂ ಹನ್ನೊಂದನೆಯ ವಾರವೂ ಖಾನಾವಳಿಗೆ ಹೋದೆ, ವಹಿ ಓದಿದೆ. ಶಿವಗಂಗವ್ವ ಸೊರಗಿದ್ದಳು. ಮಾತು ಕಡಿಮೆಯಾಗಿತ್ತು. "ಬರಕೊಂಡು ಹೋಗಿ ಏನರೆ ಔಷಧ ಕಂಡ್ಹಿಡಿ ತಂಗಿ," ಎಂದಳು. ಹೂಂ ಎಂದೆ. ಹನ್ನೆರಡನೆಯ ವಾರ ಬಂದದ್ದೂ ಹೋದದ್ದೂ ನನಗೆ ಗೊತ್ತಿತ್ತು. ಆ ವಾರ ನಾನು ನಕ್ಷೆಯನ್ನು ಎರಡು ಬಣ್ಣದಲ್ಲಿ ಮತ್ತೆ ಬರೆದೆ.

ಹದಿನಾಲ್ಕನೆಯ ವಾರ ಆಕೆಯ ಕೊರಳಿಗೆ ಕ್ಯಾಮೆರಾ ಇಳಿಸಿ ನೋಡಿದ ವಿಡಿಯೊ ನಮ್ಮಲ್ಲಿಗೆ ಬಂತು. ಹಿಂದೊಮ್ಮೆ ಇಳಿಸಿದಾಗ ಕಫ ಹೀರಿ ಬೇಗ ತೆಗೆದಿದ್ದರು. ಈ ಸಲ ಯಾವುದೋ ಕಾರಣಕ್ಕೆ ಕ್ಯಾಮೆರಾ ಒಂದೂವರೆ ನಿಮಿಷ ಅಲುಗದೆ ನಿಂತಿತ್ತು. ಕೊಳವೆಯ ಗುಲಾಬಿ ಗೋಡೆಯ ಮೇಲೆ ಒಲೆಯ ಮಸಿಯ ಒಂದು ಕರಿ ಚುಕ್ಕೆ. ಮೇಡಂ ಅದನ್ನು ಗಮನಿಸಲಿಲ್ಲ. ನಾನು ಪರದೆಯ ಮೇಲೆ ಬೆರಳಿಟ್ಟೆ.

"ಮೇಡಂ, ಇದನ್ನ ನೋಡ್ರಿ."

ಚುಕ್ಕೆ ಇರುವೆಯಷ್ಟು ನಿಧಾನವಾಗಿ ಸರಿಯುತ್ತಿತ್ತು. ಕೆಳಕ್ಕೆ.

ಅವರು ಮೂರು ಸಲ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬನಶಂಕರಿ, ನಿಮಗ ಇದು ಈಗ ಗೊತ್ತಾತೇನು?"

ಸುಳ್ಳು ಹೇಳಬಹುದಿತ್ತು. "ಏಳನೇ ವಾರ ಗೊತ್ತಾತ್ರಿ," ಎಂದೆ. ಪೆಟ್ಟಿಗೆ ಹೋದ ದಿನದ ಫೋನಿನ ಸಂಗತಿಯನ್ನೂ ಹೇಳಿದೆ. ವಹಿಯನ್ನೂ ನಕ್ಷೆಗಳನ್ನೂ ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ತುಂಬ ಅಚ್ಚುಕಟ್ಟಾಗಿದ್ದವು.

"ಇಷ್ಟೆಲ್ಲಾ ಬರದೀರಿ. ಒಂದು ಮಾತು ಹೇಳಿದ್ರ ಸಾಕಾಗಿತ್ತಲ್ಲರೀ. ತಿರುಗಿಸಿ ಹೊಲೀಬಹುದಿತ್ತು."

"ಮಾಬೂಸಾಬರ ಹಂಗ ಆದ್ರ ಅಂತ..."

"ಆವತ್ತು ನೀವು ಹೇಳಿದ್ದಕ್ಕ ನಾ ಏನರೆ ಅಂದಿದ್ನೇನು?" ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಸತ್ಯವನ್ನು ವರದಿಯಲ್ಲಿ ಬರೆಯುವ ಮೊದಲು ಆ ಹೆಂಗಸಿಗೆ ಹೇಳಬೇಕೆಂದು ಮೇಡಂ ಹೇಳಿದರು. ತಾವೇ ಹೇಳುವುದಾಗಿಯೂ ಹೇಳಿದರು. ನಾನು, ಬೇಡ, ನನ್ನ ಬಾಯಿಂದಲೇ ಬರಲಿ ಎಂದೆ. ಇಬ್ಬರೂ ಹೋದೆವು.

ಮಧ್ಯಾಹ್ನ ಎರಡೂವರೆ. ಶಿವಗಂಗವ್ವ ಮಣೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ನೆಲದ ಮೇಲೆ ಕೂತು ಹೇಳಿದೆ. ರೋಮ, ಹರಿವು ಎಂದೆಲ್ಲ ತೊದಲಿದೆ. ಆಕೆ ಅರ್ಧಕ್ಕೇ ತಡೆದಳು.

"ತಲಿ ಕೆಳಗಾಗಿ ಹೊಲದಾರ ಅನ್ನು."

"ಹೌದಕ್ಕಾ. ಗಂಟು ನಾ ತಪ್ಪು ಹಾಕಿದ್ದೆ. ಏಳನೇ ವಾರನ ನನಗ ಗೊತ್ತಾಗಿತ್ತು."

"ತಿರುಗಿ ಹೊಲೀಲಿ."

ಮೇಡಂ ಮುಂದೆ ಬಾಗಿ, "ಈಗ ಆಗೂದಿಲ್ಲವಾ. ಎರಡು ವಾರದ ಹಿಂದ ಆಗತಿತ್ತು," ಎಂದರು.

"ಅಂದ್ರ ಇದು ಎಷ್ಟು ದಿನ?"

"ಜೀವ ಇರೂತನಕ," ಎಂದು ನಾನೇ ಹೇಳಿದೆ.

ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಬರುವ ತಿಂಗಳು ಹೆರಿಗೆಗೆ ತವರಿಗೆ ಹೋಗುವವಳು. ಅವಳ ಕೈ ಹೊಟ್ಟೆಯ ಮೇಲಿತ್ತು.

ಶಿವಗಂಗವ್ವ ಸೊಪ್ಪಿನ ಕಡ್ಡಿಯೊಂದನ್ನು ತಿರುಗಿಸುತ್ತ ನನ್ನನ್ನು ನೋಡಿದಳು. "ತಪ್ಪು ಎಲ್ಲಾರ ಕೈಯಾಗೂ ಆಗತೈತಿ. ನನ್ನ ಕೈಯಾಗ ದಿನಾ ಎಷ್ಟು ರೊಟ್ಟಿ ಹೊತ್ತತಾವು. ಅದನ್ನ ನಾ ಕೇಳಾಕತ್ತಿಲ್ಲ. ಆದ್ರ ನೀ ಆಮ್ಯಾಲೆ ನಾಕು ಸಲ ಬಂದಿ. ಇಲ್ಲೇ ಕುಂತಿ. ಉಂಡಿ. ನಾ ನಿನ್ನ ಕಣ್ಣ ಮುಂದ ಚೀಲದ ಮ್ಯಾಲ ಬೋರಲ ಬಿದ್ದಿದ್ದೆ. ನೀ ಬರಕೋತ ಕುಂತಿ."

"ಖಾತ್ರಿ ಇರಲಿಲ್ಲಕ್ಕಾ..."

"ನನ್ನ ಕೇಳಿದ್ರ ನಾ ಖಾತ್ರಿ ಮಾಡಿ ಹೇಳತಿದ್ದೆ." ದನಿ ಒಡೆಯಿತು. ಕೆಮ್ಮು ಬಂತು. "ಕಫ ಯಾ ಕಡಿ ಹೊಕ್ಕೈತಿ ಅಂತ ನನಗಿಂತ ಯಾರಿಗೆ ಗೊತ್ತು? ನನ್ನ ಎದಿಯಾಗಿಂದು. ಒಂದ ಮಾತು, 'ಅಕ್ಕಾ, ನನಗ ಹಿಂಗ ಹೆದರಿಕಿ ಆಗೇತಿ' ಅಂದಿದ್ರ, ನಾನ ಡಾಕ್ಟರ ಮುಂದ ಹೋಗಿ ಕೂಗಾಡ್ತಿದ್ದೆ. ನಿನ್ನ ಹೆಸರು ಸೈತ ತೆಗೀತಿರಲಿಲ್ಲ."

ಐದು ವಾರ ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ. ಆಕೆಯನ್ನು ಕೇಳಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಕೆಮ್ಮು ನಿಲ್ಲಲಿಲ್ಲ. ಕಸ್ತೂರಿ, "ಅತ್ತಿ, ಏಳ್ರಿ, ಮೂರಾತು," ಎಂದು ಅವಳ ರಟ್ಟೆ ಹಿಡಿದಳು. ತುಂಬು ಬಸುರಿ ಬಗ್ಗಿ ಎತ್ತುವುದನ್ನು ನೋಡಲಾರದೆ ನಾನು ಇನ್ನೊಂದು ರಟ್ಟೆಗೆ ಕೈ ಹಾಕಿದೆ.

"ನೀ ಬ್ಯಾಡ," ಎಂದಳು ಶಿವಗಂಗವ್ವ. "ಹೊರಗ ಇರು."

ಇಬ್ಬರೂ ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಮೇಡಂ ನನ್ನ ಹೆಗಲು ಮುಟ್ಟಿ, ಕೇಂದ್ರಕ್ಕೆ ಹೊರಟರು. ನಾನು ಉಣ್ಣುವವರ ಬೆಂಚಿನ ಮೇಲೆ ಕೂತೆ. ಒಳಗಿನಿಂದ ತಟ್ಟುವ ಸಪ್ಪಳ ಬಂತು, ಒಂದೇ ಸಮನೆ. ನಡುವೆ ಎರಡು ಸಲ ನಿಂತಿತು. ಕಸ್ತೂರಿ ದಮ್ಮು ತೆಗೆದುಕೊಳ್ಳುತ್ತಿದ್ದಳು. ಮತ್ತೆ ಶುರುವಾಯಿತು. ಆಮೇಲೆ ಉದ್ದನೆಯ ಕೆಮ್ಮು, ನೀರು ಸುರಿದ ಶಬ್ದ.

ಆಮೇಲೆ ಒಳಗಿನಿಂದ ಆ ಒಡಕು ದನಿ ಕೇಳಿತು. "ಆಕಿ ಹ್ವಾದ್ಳೇನು?"

ಕಸ್ತೂರಿ ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು. "ಇಲ್ರೀ ಅತ್ತಿ. ಕುಂತಾರ."

ಶಿವಗಂಗವ್ವ ಬಟ್ಟಲು ಆಚೆ ಸರಿಸಿದ ಸಪ್ಪಳ ಕೇಳಿತು.

"ಕುಂದರಲಿ."